ಹೊಸ ಸಿರಿಂಜಿನ ಗೆರೆಗಳು

ಮೊದಲು ತುಟಿ ಜೋಮು ಹಿಡಿಯಿತು. ಆಮೇಲೆ ಕೈ ನಡುಗಿತು. ಬೆಳಗ್ಗೆ ಇನ್ಸುಲಿನ್ ಹಾಕಿಸಿಕೊಂಡು, ತಿಂಡಿ ತಿಂದು, ರಾಜಾಜಿನಗರದ ನಮ್ಮ ಹೊಸ ಮನೆಯ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಸೀರೆಯೆಲ್ಲ ಬೆವರಿನಿಂದ ಒದ್ದೆಯಾಯಿತು. ನಿಮ್ಮ ಅಮ್ಮ ಓಡಿಬಂದು ಬಾಯಿಗೆ ಬೆಲ್ಲ ಇಟ್ಟಳು.

ಮೂರು ದಿನ ಹೀಗೇ ಆಯಿತು.

ಮಕ್ಕಳೇ, ನಿಮ್ಮ ತಾತ ತೀರಿಹೋದ ವರ್ಷವೇ ನನಗೆ ಸಿಹಿಮೂತ್ರ ರೋಗ ಹತ್ತಿತು. ಡಾಕ್ಟರ ಮುಂದೆ ತೋಳು ತೋರಿಸಲೂ ನಾಚಿಕೆ, ಅದಕ್ಕೇ ನಿಮ್ಮ ಅಮ್ಮ ಕಲಿತು ಸೂಜಿ ಹಾಕುತ್ತಿದ್ದಳು. ದಿನವೂ ಇಪ್ಪತ್ತು ಗೆರೆಯಷ್ಟು ಔಷಧಿ. ಹಳೆಯ ಸಿರಿಂಜನ್ನು ಬಂದರಿನಿಂದ ಸಾಮಾನು ತಂದು ಪೇಟೆಯಲ್ಲಿ ಮಾರುವವರೊಬ್ಬರು ಕೊಟ್ಟಿದ್ದರು. ಅದರ ತುದಿ ಚಕ್ಕೆ ಎದ್ದು ಸೂಜಿ ನಿಲ್ಲದಾಯಿತು.

"ಲೈಸೆನ್ಸ್ ಇಲ್ಲದೋರ ಹತ್ರ ಇನ್ನು ಬೇಡಮ್ಮ," ಎಂದ ನಿಮ್ಮ ಅಪ್ಪ. "ಹೊರದೇಶದ ಮಾಲು ಸರ್ಕಾರ ಒಪ್ಪಿದೋರೇ ತರಿಸ್ಬೇಕು. ದೇಶಕ್ಕೆಲ್ಲ ಒಂದೇ ರೂಲು."

ಹೊಸ ಸಿರಿಂಜು ತರಲು ಔಷಧಿ ಅಂಗಡಿಗೆ ನಾನೂ ಜೊತೆಗೆ ಹೋದೆ. ಅಂಗಡಿಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಲೈಸೆನ್ಸ್.

"ಬೇರೆ ಥರದ್ದು ಇಲ್ವಾ?" ಎಂದ ನಿಮ್ಮ ಅಪ್ಪ.

"ತರಿಸೋಕೆ ನಮಗೊಬ್ರಿಗೇ ಪರ್ಮಿಷನ್ ಸಾರ್. ಇರೋದು ಇದೇ," ಎಂದ ಅಂಗಡಿಯವ. ಅದನ್ನೇ ಕೊಂಡೆವು.

ಹಳೆಯ ಸಿರಿಂಜು ಕೊಟ್ಟವರು ಗೆರೆ ತೋರಿಸಿ ಹೇಳಿಕೊಟ್ಟಿದ್ದರು. ಈತ ಗೋಡೆ ತೋರಿಸಿದ.

ಬರೆಯಲು ನಾಚಿಕೆಯಾಗುತ್ತದೆ. ಆ ನಡುಕಕ್ಕೆ ನಾನು ಮೊದಲು ಅನುಮಾನಿಸಿದ್ದು ನಿಮ್ಮ ಅಮ್ಮನನ್ನು.

ಹಿಂದಿನ ವಾರ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಬೇಕೆಂದೇ ಹೆಚ್ಚು ಹಾಕುತ್ತಿದ್ದಾಳೇನೋ ಎಂದು ನಾಲ್ಕನೆಯ ಬೆಳಗ್ಗೆ ಅವಳ ಬೆರಳನ್ನೇ ನೋಡುತ್ತ ಗೆರೆ ಎಣಿಸಿದೆ. ಇಪ್ಪತ್ತು. ಸರಿಯಾಗಿತ್ತು. ಆದರೂ, "ಇವತ್ತು ಬೇಡ, ತಡಿಯೇ," ಎಂದೆ.

ನಮ್ಮ ಊರಿನಲ್ಲಿ ಅಂಗಡಿಯವನ ಪಾವಿನ ಮೇಲೆ ಸಂಶಯ ಬಂದರೆ, ಅದರಲ್ಲಿ ಅಳೆದದ್ದನ್ನು ನಮ್ಮ ಪಾವಿಗೆ ಸುರಿದು ನೋಡುತ್ತಿದ್ದೆವು. ಎಸೆಯದೆ ಇಟ್ಟಿದ್ದ ಹಳೆಯ ಸಿರಿಂಜಿನಲ್ಲಿ ಇಪ್ಪತ್ತು ಗೆರೆ ನೀರು ಎಳೆದು, ನಿಮ್ಮ ತಂಗಿಗೆ ಔಷಧಿ ಕುಡಿಸುವ ಒಳಲೆಗೆ ಬಿಟ್ಟೆ. ಅಷ್ಟನ್ನೂ ಹೊಸದರಲ್ಲಿ ಎಳೆದೆ.

ಹತ್ತೇ ಗೆರೆ.

ಮೂರು ದಿನ ನನ್ನ ಮೈಗೆ ಎರಡರಷ್ಟು ಔಷಧಿ ಹೋಗಿತ್ತು.

ಡಾಕ್ಟರ್ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. "ಎರಡೂ ಒಳ್ಳೇ ಮಾಲೇ ಅಮ್ಮ. ಒಂದೊಂದು ದೇಶದೋರ ಗೆರೆ ಒಂದೊಂದು ಥರ. ಇದ್ರಲ್ಲಿ ನಿಮ್ಗೆ ಹತ್ತೇ ಗೆರೆ. ಹೀಗೇ ಬಿಟ್ಟಿದ್ರೆ ಎಚ್ಚರ ತಪ್ಪಿ ಬೀಳ್ತಿದ್ರಿ."

"ಲೈಸೆನ್ಸ್ ಇತ್ತಲ್ಲ ಡಾಕ್ಟ್ರೇ?" ಎಂದ ನಿಮ್ಮ ಅಪ್ಪ.

"ಅದು ಮಾರೋಕೆ ಕಣಪ್ಪ. ಗೆರೆ ಎಣಿಸೋಕಲ್ಲ."

ಯಾರು ಬೇಕಾದರೂ ತಂದು ಮಾರಲಿ ಎಂದರೆ ಕಳಪೆ ಮಾಲು ಬರುತ್ತದೆಂದು ಭಯ. ಒಬ್ಬರೇ ತರಲಿ ಎಂದರೆ ಅವರು ಕೊಟ್ಟದ್ದನ್ನೇ ಚುಚ್ಚಿಸಿಕೊಳ್ಳಬೇಕಲ್ಲ ಎಂದು ಭಯ. ಎರಡರಲ್ಲಿ ಯಾವುದು ಸಣ್ಣದೋ ನನಗೆ ಇಂದಿಗೂ ತಿಳಿಯದು.

ಮನೆಗೆ ಬಂದು ನಿಮ್ಮ ಅಮ್ಮನಿಗೆ ನಿಜ ಹೇಳಿದೆ. ಅವಳು ಸೌಟು ಕೆಳಗಿಟ್ಟಳು.

"ಗೊತ್ತಿತ್ತು ಅತ್ತೆ. ನನ್ನ ಕೈನ ಕಳ್ಳನ್ನ ನೋಡ್ದಂಗೆ ನೋಡ್ತಿದ್ರಿ. ನಾನೇನು ಕಮ್ಮಿ? ನೀವು ತಿಂಡಿ ತಿನ್ದೇ ಹಸೂಗೆ ಹಾಕ್ತಿದೀರೇನೋ ಅಂತ ಹಿತ್ತಲಲ್ಲಿ ಕಾದು ನೋಡ್ದೆ."

ಇಬ್ಬರಿಗೂ ನಗು ಬಂತು.

ಮೈ ನೆಟ್ಟಗಾಯಿತು ಎನ್ನುವಷ್ಟು ಧೈರ್ಯ ನನಗಿಲ್ಲ. ನಡುಕವಂತೂ ನಿಂತಿದೆ, ದೇವರ ದಯೆ. ಬೆಳಗ್ಗೆ ಅವಳು ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾಳೆ. ನಾನು ತೋಳು ಕೊಟ್ಟು ಕಣ್ಣು ಮುಚ್ಚಿಕೊಳ್ಳುತ್ತೇನೆ. ಎಂಟು ದಾಟುವಾಗ ಮಾತ್ರ ಒಮ್ಮೆ ತೆರೆದು ನೋಡುತ್ತೇನೆ.