ಒಲೆ ಹಚ್ಚಿದವರ ಬಾಯಾರಿಕೆ

ಬೇಸಿಗೆ ಬಂತೆಂದರೆ ನನಗೆ ಎರಡು ಚಿಂತೆ. ಒಂದು ಬಿಸಿಲು, ಇನ್ನೊಂದು ನಮ್ಮ ಸೋದರಮಾವ. ಬಿಸಿಲಾದರೂ ಸಂಜೆಗೆ ಇಳಿಯುತ್ತದೆ.

ಮಾವನ ಹೊಲ ಇರುವುದು ಹಂಗಳದ ಹತ್ತಿರ, ಊಟಿ ರಸ್ತೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ. ಆ ಕಡೆ ಕಾಡು, ಈ ಕಡೆ ರಸ್ತೆ, ನಡುವೆ ಅರಿಶಿನ. ಆನೆ ಅರಿಶಿನ ತಿನ್ನುವುದಿಲ್ಲವೆಂದು ಅವರ ತಾತನ ಕಾಲದಿಂದ ಅದನ್ನೇ ಹಾಕಿಕೊಂಡು ಬಂದಿದ್ದಾರೆ. ತಿನ್ನುವುದಿಲ್ಲ, ನಿಜ. ಅದನ್ನು ತುಳಿದುಕೊಂಡು ಪಕ್ಕದವರ ಬಾಳೆಗೆ ಹೋಗುತ್ತದೆ, ಅಷ್ಟೆ. ನಾನು ಚಿಕ್ಕಂದಿನಲ್ಲಿ ಮಾತು ಕಲಿತದ್ದು ಆ ಮನೆಯ ಜಗಲಿಯ ಮೇಲೆ, ಎಲೆಅಡಿಕೆ ಜಗಿಯುವ ಮುದುಕರ ನಡುವೆ. ಈಗ ಚಾಮರಾಜನಗರದ ಒಂದು ಕಚೇರಿಯಲ್ಲಿ ಕೆಲಸ. ಆದರೂ ಅರಿಶಿನ ಬೇಯಿಸುವ ದಿನ ರಜೆ ಹಾಕಿ ಹೋಗಲೇಬೇಕು. ಅಕ್ಕನ ಮನೆಯಿಂದ ಒಬ್ಬರು ಬಂದು ಒಲೆಗೆ ಒಂದು ಸೌದೆಯನ್ನಾದರೂ ಇಡಬೇಕೆಂಬುದು ಮಾವ ನನ್ನ ಅವ್ವನಿಂದ ತೆಗೆದುಕೊಂಡ ಮಾತು. ಅವ್ವ ಹೋದ ಮೇಲೂ ಮಾತು ಉಳಿದಿದೆ.

ಅರಿಶಿನದ ಗೆಡ್ಡೆಯನ್ನು ಕಿತ್ತ ಮೇಲೆ ಹಾಗೇ ಒಣಗಿಸಲು ಬರುವುದಿಲ್ಲ, ಬೇಯಿಸಬೇಕು. ಹೊಲದಲ್ಲೇ ಗುಂಡಿ ತೋಡಿ ಒಲೆ ಮಾಡಿ, ಅದರ ಮೇಲೆ ಎರಡಾಳು ಕೂರುವಷ್ಟು ದೊಡ್ಡ ಕೊಪ್ಪರಿಗೆ ಇಟ್ಟು, ಗೆಡ್ಡೆ ತುಂಬಿ ನೀರು ಸುರಿದು, ಮೇಲೆ ಗೋಣಿತಾಟು ಮುಚ್ಚಿ, ತೆಂಗಿನ ಗರಿ ಉರಿಸುತ್ತಾರೆ. ಒಂದು ಕೊಪ್ಪರಿಗೆ ಇಳಿದರೆ ಇನ್ನೊಂದು ಏರುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದಾಗ ಶುರುವಾದದ್ದು ಹೊತ್ತು ಇಳಿಯುವವರೆಗೆ ನಡೆಯುತ್ತದೆ. ಮೇಲೆ ಸೂರ್ಯ, ಕೆಳಗೆ ಒಲೆ, ಮುಖಕ್ಕೆ ಹಬೆ.

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ಆ ಮನೆಯಲ್ಲೊಂದು ನೇಮವಿದೆ. ಯಾರು ಒಲೆ ಹಚ್ಚುತ್ತಾರೋ ಅವರು ಕಡೆಯ ಕೊಪ್ಪರಿಗೆ ಇಳಿಯುವವರೆಗೆ ಒಂದು ತೊಟ್ಟು ನೀರು ಕುಡಿಯುವಂತಿಲ್ಲ. ಕೊಪ್ಪರಿಗೆಗೂ ಬಾಯಾರಿಕೆ ಇರುತ್ತದಂತೆ. ಅದು ನೀರು ಕುಡಿಯುತ್ತಿರುವಾಗ ಒಲೆ ಹಚ್ಚಿದವನೂ ಕುಡಿದುಬಿಟ್ಟರೆ ಅದಕ್ಕೆ ಸಿಟ್ಟು ಬಂದು ಗೆಡ್ಡೆ ಒಳಗೆ ಹಸಿ ಉಳಿಯುತ್ತದಂತೆ. ಒಲೆ ಹಚ್ಚುವುದು ಮನೆಯ ಹಿರಿಯನ ಕೆಲಸ. ಮನೆಯ ಹಿರಿಯ ನಮ್ಮ ಮಾವ. ಎಪ್ಪತ್ತರ ಗಡಿ ದಾಟಿದ ಮನುಷ್ಯ.

ಈ ನೇಮ ಮಾಡಿದವರೇನು ದಡ್ಡರಲ್ಲ. ಅವರ ಕಾಲದಲ್ಲಿ ಸಂಕ್ರಾಂತಿ ಮುಗಿದ ಕೂಡಲೇ ಅರಿಶಿನ ಬೇಯಿಸುತ್ತಿದ್ದರು. ಕಂಬಳಿ ಹೊದ್ದು ಒಲೆಯ ಮುಂದೆ ಕೂತರೆ ಹಿತವಾಗಿರುತ್ತಿದ್ದ ಕಾಲ ಅದು. ಬಾಯಾರಿಕೆ ಎಲ್ಲಿಂದ ಬರಬೇಕು? ಈಗ ಮಳೆ ತಡ, ನಾಟಿ ತಡ, ಕೀಳುವುದು ತಡ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋದ ಮೇಲೆ, ಯುಗಾದಿಯ ಹೊಸ್ತಿಲಲ್ಲಿ ಒಲೆ ಹಚ್ಚುತ್ತಾರೆ. ಕಾಲ ಸರಿದಿದೆ, ನೇಮ ಮಾತ್ರ ಕೂತಲ್ಲೇ ಕೂತಿದೆ. ಇದನ್ನು ನಾನು ಮಾವನಿಗೆ ಬಿಡಿಸಿ ಹೇಳಿದ್ದೇನೆ. ಕೈಯಲ್ಲಿ ಕಡ್ಡಿ ಹಿಡಿದು ನೆಲದ ಮೇಲೆ ತಿಂಗಳುಗಳನ್ನು ಬರೆದು ತೋರಿಸಿದ್ದೇನೆ. ಅವರು ಕಡ್ಡಿ ಇಸಿದುಕೊಂಡು ಗೆಡ್ಡೆ ಬೆಂದಿದೆಯೋ ಇಲ್ಲವೋ ಚುಚ್ಚಿ ನೋಡಲು ಹೋದರು.

ಹೋದ ವರ್ಷ ಆಗಬಾರದ್ದು ಆಗುವುದರಲ್ಲಿತ್ತು. ಮಧ್ಯಾಹ್ನದ ಮೇಲೆ, ಗೋಣಿತಾಟು ಎತ್ತಲು ಬಗ್ಗಿದ ಮಾವ ಹಾಗೇ ಮುಂದಕ್ಕೆ ವಾಲಿದರು. ಗರಿ ಇಡುತ್ತಿದ್ದ ಕೂಲಿ ಹೆಂಗಸು ಸೊಂಟದ ಪಂಚೆ ಹಿಡಿದು ಎಳೆದಳು, ಇಲ್ಲದಿದ್ದರೆ ಕುದಿಯುವ ನೀರಿಗೇ ಮುಖ. ಮೈಯಲ್ಲಿ ಬೆವರೇ ಇರಲಿಲ್ಲ, ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಆಟೋದಲ್ಲಿ ಹಾಕಿಕೊಂಡು ಗುಂಡ್ಲುಪೇಟೆಗೆ ಓಡಿದೆವು. ಡ್ರಿಪ್ಸ್ ಹಾಕಿದ ಡಾಕ್ಟರು ನನ್ನನ್ನೂ ಅತ್ತೆಯನ್ನೂ ಹೊರಗೆ ಕರೆದು, ಕಿಡ್ನಿ ಮೊದಲೇ ಸೋತಿದೆ, ಇನ್ನೊಂದು ದಿನ ಹೀಗೆ ನೀರಿಲ್ಲದೆ ಬಿಸಿಲಲ್ಲಿ ನಿಂತರೆ ಆಮೇಲೆ ಆಸ್ಪತ್ರೆಗೆ ತರುವ ಕೆಲಸವೇ ಇರುವುದಿಲ್ಲ ಎಂದರು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು. ಒಳಗೆ ಮಲಗಿದ್ದ ಮಾವ ಎದ್ದು ಕೂತು ಕೇಳಿದ ಮೊದಲ ಮಾತು, ಕಡೆಯ ಕೊಪ್ಪರಿಗೆ ಯಾರು ಇಳಿಸಿದರು ಎಂದು. ಬಿದ್ದದ್ದಕ್ಕೆ ಕಾರಣವನ್ನೂ ಅವರೇ ಕಂಡುಹಿಡಿದರು. ರಸ್ತೆಯಲ್ಲಿ ಕಾರು ನಿಲ್ಲಿಸಿ ಕಲ್ಲಂಗಡಿ ತಿನ್ನುತ್ತಿದ್ದ ಯಾರೋ ಊಟಿಗೆ ಹೋಗುವವರು ಕೊಪ್ಪರಿಗೆಯನ್ನು ಫೋಟೋ ತೆಗೆದರಂತೆ. ದೃಷ್ಟಿಯಾಯಿತಂತೆ.

ಈ ವರ್ಷ ನಾನು ತಯಾರಾಗಿಯೇ ಹೋದೆ. ನಮ್ಮ ಕಚೇರಿಯ ಗೋಡೆಗೆ ಪ್ರತಿ ಬೇಸಿಗೆಯಲ್ಲೂ ಅಂಟಿಸುವ ಕಾಗದವನ್ನು ನಾನೇ ಗೋಂದು ಹಚ್ಚಿ ಅಂಟಿಸುವವನು. ಹೊರಗೆ ಕೆಲಸ ಮಾಡುವವರು ಬೆಳಗಿನ ತಂಪಿನಲ್ಲಿ ಮಾಡಿ, ನಡುಹಗಲು ನೆರಳಲ್ಲಿರಿ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯಿರಿ, ಹೀಗೆ. ಅದರದೊಂದು ಪ್ರತಿ ಜೇಬಿನಲ್ಲಿತ್ತು. ಜಗಲಿಯಲ್ಲಿ ಕೂತು ಓದಿ ಹೇಳಿದೆ. ಮಾವ ಪೂರ್ತಿ ಕೇಳಿದರು. ಕೇಳಿ ಅಂದರು:

"ಬೆಳಿಗ್ಗೆ ಐದಕ್ಕೆ ಒಲೆ ಹಚ್ಚು ಅಂತೀಯಲ್ಲಾ ಅಳಿಮಯ್ಯ, ಆ ಹೊತ್ನಲ್ಲಿ ಕೆರೆಲಿ ನೀರು ಕುಡ್ಕಂಡು ಕಾಡ್ಗೋಗೋ ಆನೆಗೆ ನಿಮ್ಮಾಫೀಸ್ನೋರು ನೋಟೀಸ್ ಕೊಟ್ಟವ್ರಾ?"

ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಕಾಡಂಚಿನಲ್ಲಿ ಬೇಸಿಗೆಯ ತಂಪು ಹೊತ್ತೆಲ್ಲ ಆನೆಯದು, ಉರಿ ಹೊತ್ತೆಲ್ಲ ಮನುಷ್ಯನದು. ಕಾಗದ ಬರೆದವರಿಗೆ ಇದು ಗೊತ್ತಿಲ್ಲ. ಸರಿ, ಟಾರ್ಪಾಲು ಕಟ್ಟೋಣ ಎಂದೆ. ಗರಿಯ ಕಿಡಿ ಹಾರಿ ಹತ್ತಿಕೊಂಡರೆ ಎಂದರು. ಅದೂ ನಿಜವೇ. ಪಕ್ಕದ ಹೊಲದವರಂತೆ ಟ್ರಾಕ್ಟರಿನ ಹಿಂದೆ ಬರುವ ಬಾಯ್ಲರ್ ತರಿಸೋಣ, ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಮುಗಿಸಿ ಹೋಗುತ್ತದೆ ಎಂದೆ. ಆ ಹಬೆಯಲ್ಲಿ ಬೆಂದ ಅರಿಶಿನಕ್ಕೆ ಬಣ್ಣವಿಲ್ಲವಂತೆ. ಪಕ್ಕದವರ ಕಣದಲ್ಲಿ ಒಣಗಲು ಹಾಕಿದ್ದ ಅರಿಶಿನ ಇಲ್ಲಿಂದಲೇ ಚಿನ್ನದ ಹಾಗೆ ಕಾಣುತ್ತಿತ್ತು. ಅದನ್ನು ತೋರಿಸಿದೆ. ಮಾವನಿಗೆ ಆ ದಿಕ್ಕಿನಲ್ಲಿ ಕಣ್ಣು ಸರಿಯಾಗಿ ಕಾಣಿಸುವುದಿಲ್ಲವಂತೆ. ಹೋಗಲಿ, ಒಲೆ ನಾನು ಹಚ್ಚುತ್ತೇನೆ ಎಂದೆ. ಅಕ್ಕನ ಮಗ ಬೇರೆ ಗೋತ್ರದವನು ಎಂದು ಒಂದೇ ಮಾತಿನಲ್ಲಿ ನನ್ನನ್ನು ಅಂಗಳದಾಚೆ ನಿಲ್ಲಿಸಿದರು. ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕುತ್ತಿದ್ದೆ. ಅತ್ತೆ ಇದೆಲ್ಲವನ್ನೂ ರಾಗಿ ಕೇರುತ್ತಾ ಕೇಳಿಸಿಕೊಳ್ಳುತ್ತಿದ್ದರು.

ಮಾರನೆಯ ಬೆಳಿಗ್ಗೆ ಕೊಪ್ಪರಿಗೆ ತುಂಬಿ ಎಲ್ಲ ಸಿದ್ಧವಾಯಿತು. ಮಾವ ಮಿಂದು, ಹಣೆಗೂ ಒಲೆಯ ಕಲ್ಲುಗಳಿಗೂ ವಿಭೂತಿ ಹಚ್ಚಿ, ಕರ್ಪೂರ ಮರೆತೆನೆಂದು ಮನೆಗೆ ಹೋದರು. ಕರ್ಪೂರವನ್ನು ಅವರು ಮರೆತದ್ದೋ, ಅತ್ತೆ ಬುಟ್ಟಿಯಿಂದ ತೆಗೆದಿಟ್ಟದ್ದೋ, ನಾನು ಕೇಳಲು ಹೋಗಿಲ್ಲ. ಅವರು ತಿರುಗಿ ಬರುವಷ್ಟರಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಬೆಂಕಿಪೊಟ್ಟಣ ಅತ್ತೆಯ ಕೈಯಲ್ಲಿತ್ತು.

ಕೂಲಿಯವರೆಲ್ಲ ಕೈ ಕಟ್ಟಿ ನಿಂತರು. ಮಾವ ಒಲೆ ನೋಡಿದರು, ಅತ್ತೆಯನ್ನು ನೋಡಿದರು. ಹಚ್ಚಿದ ಒಲೆಯನ್ನು ಆರಿಸಿ ಮತ್ತೆ ಹಚ್ಚುವುದು ಇನ್ನೂ ದೊಡ್ಡ ಅಪಶಕುನ, ಅದೂ ಅವರ ತಾತನ ಮಾತೇ. ಯಾಕೆ ಹಚ್ಚಿದೆ ಎಂದು ಕೇಳಿದರು.

"ಕೈ ಖಾಲಿ ಇತ್ತು, ಹಚ್ಚುದೆ" ಎಂದರು ಅತ್ತೆ. "ಮನೆ ಹಿರೀಕಳು ನಾನೂವೆ. ಇನ್ ಮೇಲೆ ನೀರು ಕುಡೀದೆ ಇರೋಳು ನಾನು. ನೀವು ಓಗಿ ಹೊಂಗೆ ನೆಳ್ಳಲ್ಲಿ ಕೂತ್ಕಂಡು ನೀರು ಕುಡೀರಿ."

ಮಾವ ಹೊಂಗೆ ಮರದ ಕೆಳಗೆ ಹೋಗಿ, ನಮ್ಮೆಲ್ಲರಿಗೂ ಬೆನ್ನು ಮಾಡಿ ಕೂತರು. ನೆರಳಿಗೆ ಹೋದರಲ್ಲ, ಅರ್ಧ ಗೆದ್ದೆವು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು. ಸ್ವಲ್ಪ ಹೊತ್ತಿಗೆ ನೀರು ತೆಗೆದುಕೊಂಡು ಹೋದರೆ ಬೇಡವೆಂದು ಕೈಯಾಡಿಸಿದರು. ಮಜ್ಜಿಗೆಗೂ ಅದೇ ಕೈ. ಅವಳು ಕುಡಿಯುವವರೆಗೆ ತಾನೂ ಕುಡಿಯುವುದಿಲ್ಲವಂತೆ. ಇಷ್ಟು ವರ್ಷ ಒಬ್ಬರು ನೀರು ಕುಡಿಯದೆ ಇರುತ್ತಿದ್ದರು. ಈ ವರ್ಷ ಇಬ್ಬರು. ನಡುವೆ ನಾನು, ಒಂದು ಕೈಯಲ್ಲಿ ಚೊಂಬು, ಒಂದು ಕೈಯಲ್ಲಿ ಮಜ್ಜಿಗೆ ಲೋಟ ಹಿಡಿದು ಒಲೆಗೂ ಮರಕ್ಕೂ ನಡೆದದ್ದೇ ನಡೆದದ್ದು. ಕೂಲಿ ಹೆಂಗಸರು ಪಾಪ, ತಮ್ಮ ಪಾಲಿನ ನೀರನ್ನು ಕಳ್ಳರ ಹಾಗೆ ಮರೆಯಲ್ಲಿ ನಿಂತು ಕುಡಿದು ಬರುತ್ತಿದ್ದರು.

ಹೊತ್ತು ನೆತ್ತಿಗೆ ಬಂತು. ಅತ್ತೆಯ ಮುಖ ಕೆಂಪಗಾಗಿ ಬಾತುಕೊಂಡಿತ್ತು. ಗರಿ ಎಳೆಯುವಾಗ ಒಮ್ಮೆ ನಿಂತರು, ಒಲೆಯ ಕಲ್ಲಿಗೆ ಕೈಯೂರಿ, ಸುಟ್ಟಿತೆಂದು ತೆಗೆದರು. ಇನ್ನು ಸಾಕು, ನೇಮವೂ ಬೇಡ ನಿಮ್ಮ ಹಟವೂ ಬೇಡ ಎಂದು ನಾನು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಮರದ ಕೆಳಗಿನಿಂದ ಮಾವ ಎದ್ದು ಬಂದರು. ಬೆನ್ನು ಮಾಡಿ ಕೂತವರಿಗೆ ಇದು ಹೇಗೆ ಕಂಡಿತೋ. ನನ್ನ ಕೈಯ ಚೊಂಬು ಕಸಿದುಕೊಂಡು ಅತ್ತೆಯ ಮುಂದೆ ಹಿಡಿದರು.

"ಒಂದ್ ಗುಟುಕು ಕುಡಿ."

"ಕೊಪ್ಪರಿಗೆ ಇನ್ನೂ ಕುಡೀತಾ ಅದೆ ಕಣ್ರೀ. ನಾ ಕುಡುದ್ಬುಟ್ರೆ ಗೆಡ್ಡೆ ಬೆಂದದಾ?"

ಅದು ಮಾವನದೇ ಮಾತು, ಮಾವನದೇ ರಾಗ. ಕೂಲಿಯವರಲ್ಲಿ ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿದರು. ಮಾವ ನಗಲಿಲ್ಲ.

"ನಿಂಗೇನಾರ ಆದ್ರೆ ನಾನೇನ್ಮಾಡ್ಲಿ?" ಎಂದರು. ಗದರಿಸಲು ಹೊರಟ ದನಿ ನಡುವೆಯೇ ಸಣ್ಣದಾಯಿತು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಓದೊರ್ಸ ಗುಂಡ್ಲುಪೇಟೆ ಆಸ್ಪತ್ರೆಲಿ ನಾನೂ ಇದನ್ನೇ ಕೇಳ್ಬೇಕು ಅಂತಿದ್ದೆ. ನೀವು ಕೊಪ್ಪರಿಗೆ ಯಾರು ಇಳಿಸುದ್ರು ಅಂತ ಕೇಳುದ್ರಿ."

ಮಾವ ಚೊಂಬು ಹಿಡಿದೇ ಒಲೆಯ ಕಡೆ ತಿರುಗಿದರು. ಗೋಣಿತಾಟಿನ ಅಂಚಿನಿಂದ ಹಬೆ ಬುಸುಗುಡುತ್ತಿತ್ತು. ಆಮೇಲೆ ಅವರು ತಾಟಿನ ಮೂಲೆಯನ್ನು ಕಡ್ಡಿಯಿಂದ ಎತ್ತಿ, ಚೊಂಬಿನ ನೀರಲ್ಲಿ ಒಂದು ಧಾರೆಯನ್ನು ಕೊಪ್ಪರಿಗೆಗೆ ಬಿಟ್ಟರು. ಪೂಜೆಯಲ್ಲಿ ಬಿಡುವ ಹಾಗೆ, ಕಣ್ಣು ಮುಚ್ಚಿ.

"ಅದ್ಕೆ ಮೊದ್ಲು ಕೊಟ್ಟಿವ್ನಿ. ಅದು ಕುಡೀತು. ಈಗ ನೀ ಕುಡುದ್ರೆ ಅದ್ಕ್ಯಾಕೆ ಸಿಟ್ಟು ಬಂದದು?"

"ಮೊದ್ಲು ನೀವು" ಎಂದರು ಅತ್ತೆ.

ಮಾವ ಚೊಂಬೆತ್ತಿ ಗಟಗಟ ಕುಡಿದರು. ಗಂಟಲಿನ ಗಂಟು ಮೇಲೆ ಕೆಳಗೆ ಆಡುವುದನ್ನು ಅತ್ತೆ ಕೊನೆಯವರೆಗೂ ನೋಡಿ, ಉಳಿದದ್ದನ್ನು ತಾವು ಕುಡಿದರು. ಕುಡಿದ ಮೇಲೆ ಒಲೆಯ ಬಳಿಯಲ್ಲಿ ಕೂರುತ್ತಿದ್ದರೇನೋ, ಮಾವ ರಟ್ಟೆ ಹಿಡಿದು ಹೊಂಗೆಯ ಕೆಳಗೆ ಕರೆದುಕೊಂಡು ಹೋದರು. ಒಲೆಯ ಉಸ್ತುವಾರಿಯೂ ಗರಿ ಇಡುವ ಕೆಲಸವೂ ನನ್ನ ಪಾಲಿಗೆ ಬಂದವು. ಗೋತ್ರದ ಮಾತು ಯಾರೂ ಎತ್ತಲಿಲ್ಲ. ಆಮೇಲೆ ಪ್ರತಿ ಕೊಪ್ಪರಿಗೆಗೂ ಅದೇ ನಡೆಯಿತು: ಅದಕ್ಕೊಂದು ಧಾರೆ, ಇವರಿಗೊಂದು ಚೊಂಬು. ಗೆಡ್ಡೆ ಬೆಂದಿತೇ ಎಂದು ಕೇಳುತ್ತೀರಿ. ಬೆಂದಿತು. ಬೇಯದೆ ಏನು ಮಾಡೀತು, ಅಷ್ಟು ಗರಿ ಉರಿಸಿದ್ದೇನೆ.

ಇಲ್ಲಿಗೆ ನನ್ನ ತಲೆನೋವು ಮುಗಿಯಬೇಕಿತ್ತು. ಹಂಗಳದ ಟೀ ಅಂಗಡಿಯಲ್ಲಿ ಮಾವ ಈಗ ಎಲ್ಲರಿಗೂ ಹೇಳುತ್ತಿದ್ದಾರೆ, ಕೊಪ್ಪರಿಗೆಗೆ ಮೊದಲು ಕೊಟ್ಟು ತಾನು ಕುಡಿಯುವುದು ತನ್ನ ತಾತನ ಕಾಲದ ಪದ್ಧತಿ, ನಡುವಿನವರು ಮರೆತಿದ್ದರು ಎಂದು. ನಾನು ಎದುರಿಗೇ ಕೂತಿದ್ದೆ. ನನ್ನ ಮುಖ ನೋಡಿಕೊಂಡೇ ಹೇಳಿದರು. ಅತ್ತೆಯ ಹತ್ತಿರ ಗೊಣಗಿದರೆ, ಕುಡೀತಾವ್ರಲ್ಲ, ಬುಡು, ತಾತನ್ ಕಾಲ್ದು ಅಂತ್ಲೇ ಏಳ್ಕೊಳ್ಳಿ ಎಂದುಬಿಟ್ಟರು.

ಅದಾದರೂ ಹೋಗಲಿ. ಈಗ ಹೊಸದೊಂದು ಶುರುವಾಗಿದೆ. ಹೊಲದಲ್ಲಿ ನೀರು ಕುಡಿದಾಗಲೆಲ್ಲ ನನಗೆ ಫೋನು. ಮೊನ್ನೆ ಕಚೇರಿಯಲ್ಲಿ ಮೀಟಿಂಗು, ಸಾಹೇಬರು ಮಾತಾಡುತ್ತಿದ್ದಾರೆ, ಜೇಬು ಗುಂಯ್ ಎಂದಿತು. ಆಸ್ಪತ್ರೆಯ ನೆನಪಾಗಿ ಬಾಗಿಲಿಗೆ ಓಡಿ ಎತ್ತಿದೆ.

"ನಾನು ಕುಡುದೆ, ನಿಮ್ಮತ್ತೆನೂ ಕುಡುದ್ಲು. ನೀ ಕುಡುದ್ಯಾ ಇಲ್ವಾ, ಏಳ್ಲಾ" ಎಂದರು ಮಾವ, ಹೊಲದ ತುದಿಯಲ್ಲಿರುವವನನ್ನು ಕೂಗುವ ದನಿಯಲ್ಲಿ. ಒಳಗಿದ್ದವರಿಗೆಲ್ಲ ಕೇಳಿಸಿತು. ಸಾಹೇಬರು ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು. ಮೇಜಿನ ಮೇಲಿದ್ದ ನನ್ನ ನೀರಿನ ಬಾಟಲಿಯ ಮುಚ್ಚಳ ಬೆಳಗಿನಿಂದ ತೆರೆದಿರಲಿಲ್ಲ. ಕುಡೀತೀನಿ ಇಡಿ ಮಾವ ಎಂದೆ. ಇಡಲಿಲ್ಲ. ಕುಡಿಯುವ ಸದ್ದು ಕೇಳಿಸಬೇಕಂತೆ. ಮೇಜಿಗೆ ತಿರುಗಿ ಬಂದು, ಎಲ್ಲರ ಕಣ್ಣೆದುರಿಗೆ ಬಾಟಲಿ ಎತ್ತಿ, ಫೋನನ್ನು ಗಂಟಲಿನ ಹತ್ತಿರ ಹಿಡಿದು ಕುಡಿದೆ.