ಶಶಿರೇಖಾಳ ಗ್ರಾಫಿಕ್ಸ್ ಕಾರ್ಡಿನಲ್ಲಿ ನಾನು ಅರಳಿಸಿದ ಬುಟ್ಟಾ

ಮೊಳಕಾಲ್ಮೂರಿನ ಶಶಿರೇಖಾ ಇನ್ನೂ ನೇಯದ ಸೀರೆಯನ್ನು ಮಾರಿಸಿಕೊಡುತ್ತಾಳೆ. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡಿ ತಲೆ ನೆರೆಸಿಕೊಂಡ ನನಗೂ ಆ ವಿದ್ಯೆ ಒಲಿದಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದ ಅವಳು ಮಗ್ಗಕ್ಕೆ ಕೂರದೆ ಕಂಪ್ಯೂಟರ್ ರಿಪೇರಿಗೆ ಕೂತಳು. ನೇಕಾರರು ಅಂಚು, ಸೆರಗಿನ ನಮೂನೆ ತಂದುಕೊಟ್ಟರೆ, ಕಂಪ್ಯೂಟರಿನಲ್ಲಿ ಆ ಸೀರೆ ಉಟ್ಟ ಗೊಂಬೆ ಸುತ್ತ ತಿರುಗುವ ವಿಡಿಯೊ ಮಾಡಿಕೊಡುತ್ತಾಳೆ. ಸೀರೆ ಅಂಗಡಿಯವರು ಅದನ್ನು ಮೆಚ್ಚಿದರೆ ಆರ್ಡರ್, ಆಮೇಲೆ ನೇಯ್ಗೆ.

ಕಳೆದ ತಿಂಗಳು ನನ್ನ ಹೆಂಡತಿ ದಾಕ್ಷಾಯಿಣಿಗೆ ಸೀರೆ ಹೇಳಲು ಹೋದಾಗ ನೇಕಾರ ಚಿನ್ನಯ್ಯ ಶಶಿರೇಖಾಳ ಅಂಗಡಿಯಲ್ಲೇ ಕಾಯುತ್ತಿದ್ದ. ಸಂಜೆ ಐದರೊಳಗೆ ಅವನ ನಾಲ್ಕು ಬಣ್ಣದ ವಿಡಿಯೊ ಹುಬ್ಬಳ್ಳಿಯ ಸೀರೆ ಅಂಗಡಿಗೆ ಹೋಗಬೇಕು. ವಿಡಿಯೊ ತಲುಪಿದ ಬಣ್ಣಕ್ಕೆ ಮಾತ್ರ ಆರ್ಡರ್. ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡಿನ ಮಾಮೂಲಿ ವೇಗಕ್ಕೆ ಅದು ಆಗದ ಕೆಲಸ. ಹಾಗಾಗಿ ಅವಳು ಎರಡು ದಿನ ಕೂತು ಕಾರ್ಡಿನ ವೇಗ ಏರಿಸಿದ್ದಳು. ಫ್ಯಾನಿನ ಧೂಳು ತೆಗೆದು, ಹದಿನೈದು ಮೆಗಾಹರ್ಟ್ಸ್ ಏರಿಸಿ, ಅರ್ಧ ಗಂಟೆ ಭಾರ ಹೊರಿಸಿ, ಎಷ್ಟು ಬಿಸಿಯಾಯಿತು, ಚಿತ್ರದಲ್ಲಿ ಕಲೆ ಬಂತಾ ಎಂದು ನೋಡಿ, ಮತ್ತೆ ಹದಿನೈದು. ನೂರೈದಕ್ಕೆ ಚಿತ್ರ ಮಿಣುಕಿತು. ತೊಂಬತ್ತನ್ನೂ ನಂಬದೆ ಎಪ್ಪತ್ತೈದಕ್ಕೆ ಇಳಿದಳು.

"ಇಷ್ಟೆಲ್ಲ ಮಾಡಿ ಉಳಿದಿದ್ದೆಷ್ಟಮ್ಮ?" ಎಂದೆ.

"ಗಂಟೆಗೆ ಮೂರ್ನಾಲ್ಕು ನಿಮಿಷ, ಸಾವ್ಕಾರ್ರೇ."

"ಅಷ್ಟಕ್ಕೇನಾ! ನಮ್ಮ ಎಣ್ಣೆ ಮಿಲ್ಲಿನಾಗೆ..."

"ನಿಮ್ಮ ಮಿಲ್ಲಿನಾಗೆ ಹಿಂಡಿಯಾದ್ರೂ ಉಳೀತೈತೆ. ಇದು ಸುಟ್ರೆ ವಾಸನೆ ಬಿಟ್ರೆ ಏನೂ ಉಳಿಯಲ್ಲ. ಸುಮ್ನೆ ಕುಂತ್ಕಳ್ರಿ."

ಎರಡು ಬಣ್ಣ ಮುಗಿದು ಮೂರನೆಯದು ಅರ್ಧಕ್ಕೆ ಬಂದಾಗ ಅವಳು ಊಟಕ್ಕೆ ಎದ್ದಳು. ಚಿನ್ನಯ್ಯ ಬೀಡಿಗೆ ಹೊರಗೆ ಹೋದ. ನಾನು ಮೌಸ್ ಹಿಡಿದು ಎಪ್ಪತ್ತೈದನ್ನು ಇನ್ನೂರಕ್ಕೆ ಎಳೆದೆ. ಚೀಲದ ಬಾಯಿಂದ ಒಂದು ಹಿಡಿ ಶೇಂಗಾ ಕಾಯಿ ತೆಗೆದು ಇಡೀ ಲಾರಿಗೆ ಬೆಲೆ ಕಟ್ಟುವವನು ನಾನು. ಇಲ್ಲೂ ಐದು ನಿಮಿಷ ಓಡಿದ್ದನ್ನು ನೋಡಿ ತೀರ್ಪು ಕೊಟ್ಟೆ: ಈ ಹುಡುಗಿಗೆ ಧೈರ್ಯ ಸಾಲದು.

ಅಷ್ಟರಲ್ಲಿ ಸೀರೆಯ ಒಡಲ ತುಂಬ ಕೆಂಪು, ಹಸಿರು ಚುಕ್ಕಿಗಳು ನೇಯ್ದ ಹೂಗಳಂತೆ ಅರಳಿದವು.

"ಲೇ ಚಿನ್ನಯ್ಯ, ಬುಟ್ಟಾ ಭಾರಿ ಹಾಕಿದೀಯ ಬಿಡು!"

ಅವನು ಒಳಗೆ ಬಂದು ಕಣ್ಣರಳಿಸಿದ. "ದೇವುಡಾ! ನಾನು ಬುಟ್ಟಾನೇ ಹಾಕಿಲ್ಲ ಸಾವ್ಕಾರ್ರೇ. ಇದು ಬರೀ ಒಡಲು!"

ಪರದೆ ಕಪ್ಪಾಯಿತು.

ಶಶಿರೇಖಾ ಎಂಜಲು ಕೈಯಲ್ಲೇ ಓಡಿಬಂದಳು. "ಯಾರು ಮುಟ್ಟಿದ್ದು?"

ಚಿನ್ನಯ್ಯ ನನ್ನನ್ನು ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಎಷ್ಟಕ್ಕೆ ಏರ್ಸಿದ್ರಿ?"

"ಇನ್ನೂರು."

"ಮಿಲ್ಲಿನಾಗೂ ಹಿಂಗೇ ಮಾಡ್ತೀರಾ?"

"ಅಲ್ಲಿ ನನಗೆ ಮುಟ್ಟಾಕೆ ಬಿಡಲ್ಲಮ್ಮ."

ಅವಳು ನಗಲಿಲ್ಲ. ಕೈ ತೊಳೆದು ಬಂದು ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದಳು. ಆಫ್ ಮಾಡಿದರೆ ಏರಿಸಿದ ವೇಗ ಉಳಿಯದಂತೆ ಮೊದಲೇ ಇಟ್ಟಿದ್ದರಿಂದ ಕಾರ್ಡು ಹಳೆಯ ವೇಗದಲ್ಲಿ ಎದ್ದಿತು. ಮತ್ತೆ ಎಪ್ಪತ್ತೈದಕ್ಕೆ ತಂದು, ಮೂರನೆಯ ಬಣ್ಣವನ್ನು ಮೊದಲಿಂದ ಶುರುಮಾಡಿದಳು.

ನಾಲ್ಕೂವರೆಗೆ ಅದು ಹುಬ್ಬಳ್ಳಿಗೆ ಹೋಯಿತು. ನಾಲ್ಕನೆಯದಾದ ನವಿಲು ಬಣ್ಣದ್ದಕ್ಕೆ ಹೊತ್ತು ಉಳಿಯಲಿಲ್ಲ. ಹೋದ ಮೂರಕ್ಕೂ ಆರ್ಡರ್ ಬಂತು. ಚಿನ್ನಯ್ಯ ನಾಲ್ಕನೆಯ ನಮೂನೆಯ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನವಿಲು ಬಣ್ಣದ್ದು ನಮ್ಮ ಮನೆಗೆ ನೇಯಪ್ಪ," ಎಂದೆ.

ಅವನು ಬೆಲೆ ಹೇಳಿದ. ಚೌಕಾಸಿಗೆ ಮುಖವಿರಲಿಲ್ಲ, ಹೂಂ ಎಂದೆ. ಶಶಿರೇಖಾ ಮೌಸನ್ನು ಎತ್ತಿ ಮೇಜಿನ ಆ ಕಡೆಗೆ ಇಟ್ಟುಕೊಂಡಳು.