ಗ್ರೇಪ್ ಅಂಕಲ್ ಹುಡುಕಿದ ತೋಟ

ಗರ್... ಗರ್... ನಡುವೆ ಒಂದು ಕಿರ್, ಮತ್ತೆ ಗರ್. ಮೊನ್ನೆ ಮಗಳು ಕೈಯಲ್ಲಿ ತಿರುಗಿಸುವ ಕಾಫಿ ಮಿಲ್ ತಂದು ಕಿಚನ್‌ನಲ್ಲಿ ತಿರುಗಿಸತೊಡಗಿದಾಗ, ನಾನು ತಟ್ಟನೆ ಕಿಟಕಿಯಿಂದ ಪಕ್ಕದ ಮನೆಯ ಗಾರೇಜ್ ಕಡೆ ನೋಡಿದೆ. ಬಾಗಿಲು ಮುಚ್ಚಿತ್ತು. ಅಲ್ಲೀಗ ಬೇರೆಯವರಿದ್ದಾರೆ...

ಲೈಲ್ ಎಂಬ ಈ ಊರಿನಲ್ಲಿರುವ ಮಗಳ ಮನೆಗೆ ನಾವಿಬ್ಬರೂ ಬಂದು ನೆಲೆಸಿದ ಮೊದಲ ಸೆಪ್ಟೆಂಬರ್‌ನಲ್ಲೇ ಆ ಸದ್ದು ಕೇಳಿಸಿತ್ತು. "ಪಕ್ಕದ ಮನೇಲಿ ದೋಸೆಗೆ ರುಬ್ತಿದಾರೆ ಕಣೇ, ಪರಿಚಯ ಮಾಡ್ಕೊಂಡು ಬಾ" ಎಂದರು ನಮ್ಮೆಜಮಾನರು. ಹೋಗಿ ನೋಡಿದರೆ, ಮೊಣಕೈವರೆಗೂ ಕೆಂಪಾಗಿದ್ದ ಮುದುಕರೊಬ್ಬರು ಕಬ್ಬಿಣದ ಕ್ರಶರ್‌ಗೆ ಕಪ್ಪು ದ್ರಾಕ್ಷಿ ಸುರಿದು ಹಿಡಿ ತಿರುಗಿಸುತ್ತಿದ್ದರು. ಇಟಲಿಯಿಂದ ಬಂದ ಮನೆತನ, ಹುಟ್ಟಿ ಬೆಳೆದದ್ದು ಡೆಟ್ರಾಯ್ಟ್‌ನಲ್ಲಿ. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮಿಷಿಗನ್‌ನಲ್ಲಿ. ನಮ್ಮ ಮೊಮ್ಮಗಳು ಅವರನ್ನು ಗ್ರೇಪ್ ಅಂಕಲ್ ಎಂದಳು; ಮನೆಮಂದಿಗೆಲ್ಲ ಅವರು ಗ್ರೇಪ್ ಅಂಕಲ್ ಆದರು. ಅವರು ಮಾತ್ರ ನನ್ನನ್ನು "ಸಿಸ್ಟರ್" ಎನ್ನುತ್ತಿದ್ದರು. ಅವರಿಗೆ ಪಾಠ ಹೇಳಿದ ನನ್‌ಗಳ ಹಾಗೆ ನಾನೂ ಫುಲ್ ಸೆಂಟೆನ್ಸ್‌ನಲ್ಲೇ ಮಾತಾಡುತ್ತೇನಂತೆ. ಮೈಸೂರಿನ ಕಾನ್ವೆಂಟ್ ಕಲಿಸಿದ್ದನ್ನು ಬಿಡುವುದಾದರೂ ಹೇಗೆ?

ಅವರ ತಂದೆ ಡೆಟ್ರಾಯ್ಟ್‌ನ ಕಾರ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು. ಕ್ಯಾಲಿಫೋರ್ನಿಯಾದಿಂದ ರೈಲಿನಲ್ಲಿ ಜಿನ್‌ಫಂಡೆಲ್ ಎಂಬ ಕಪ್ಪು ದ್ರಾಕ್ಷಿ ಬಂದ ದಿನ ಮಗನನ್ನು ಕರೆದುಕೊಂಡು ಸ್ಟೇಷನ್ ಯಾರ್ಡಿಗೆ ಹೋಗಿ ಪೆಟ್ಟಿಗೆಗಟ್ಟಲೆ ಕೊಂಡು, ಬೇಸ್‌ಮೆಂಟ್‌ನಲ್ಲಿ ವರ್ಷಕ್ಕಾಗುವಷ್ಟು ವೈನ್ ಮಾಡುತ್ತಿದ್ದರಂತೆ. ಮಗನೂ ಅದೇ ಕ್ರಶರ್‌ನಲ್ಲಿ ಮಾಡಿದರು. ಅಪ್ಪನ ರುಚಿ ಮಾತ್ರ ಬರಲಿಲ್ಲ. ಆ ಹಣ್ಣು ಯಾವ ತೋಟದ್ದು, ಆ ತೋಟ ಇನ್ನೂ ಉಳಿದಿದೆಯೇ, ಅದರ ವೈನನ್ನು ಇನ್ನೊಂದು ಸಲ ಬಾಯಿಗೆ ಹಾಕಿಕೊಳ್ಳಲು ಆದೀತೇ... ಅವರಿಗೆ ಬೇಕಿದ್ದದ್ದು ಇಷ್ಟೇ.

"ಆ ಬಳ್ಳಿಗಳು ನೂರು ವರ್ಷ ದಾಟಿದ್ರೂ ಹಣ್ಣು ಬಿಡ್ತವೆ ಸಿಸ್ಟರ್. ನಾನು ಅಷ್ಟು ದಿನ ಇರಲ್ಲ."

ನದೀಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರೆ ನಮ್ಮಲ್ಲಿ. ಇವರು ದ್ರಾಕ್ಷಿಯ ಮೂಲ ಹುಡುಕುತ್ತಿದ್ದರು. ಅಂಗಡಿಯ ಬಾಟಲಿಗಳ ಮೇಲೆ "ಓಲ್ಡ್ ವೈನ್" ಎಂದು, ಕುಡಿಯುವ ವೈನ್ ಅಲ್ಲ, ಇಂಗ್ಲಿಷಿನಲ್ಲಿ ಬಳ್ಳಿಗೂ ವೈನ್ ಎನ್ನುತ್ತಾರಲ್ಲ, ಆ ಹಳೇ ಬಳ್ಳಿಯ ಹಣ್ಣಿನದೆಂದು, ದೊಡ್ಡದಾಗಿ ಬರೆದಿರುತ್ತದೆ. ಎಷ್ಟು ಹಳೆಯದಾದರೆ ಓಲ್ಡ್ ಎಂಬುದಕ್ಕೆ ಕಾನೂನಿಲ್ಲವಂತೆ. ತೋಟದ ಹೆಸರು ಕೆಲವರು ಹಾಕುತ್ತಾರೆ, ಹಲವರು ಹಾಕುವುದಿಲ್ಲ. ಅಂಕಲ್‌ಗೆ ಕಿವಿ ಮಂದ. ಹಾಗಾಗಿ ವೈನರಿಗಳಿಗೆ ಫೋನ್ ಮಾಡುವ ಕೆಲಸ ನನ್ನದಾಯಿತು. ಹಣ್ಣು ಯಾರ ತೋಟದ್ದು, ಆ ಮನೆಯವರು ಹಿಂದೆ ಡೆಟ್ರಾಯ್ಟ್‌ಗೆ ಕಳಿಸುತ್ತಿದ್ದರೇ ಎಂದು ಕೇಳುತ್ತಿದ್ದೆ. ಒಂದು ತೋಟ ಕಿತ್ತು ಬಾದಾಮಿ ಹಾಕಿದ್ದರು, ಇನ್ನೊಂದರಲ್ಲಿ ಮನೆಗಳ ಬಡಾವಣೆ ಎದ್ದಿತ್ತು. ಉಳಿದವುಗಳ ವೈನ್ ತರಿಸಿ ಅವರು ಕುಡಿಯುವರು, ನಾನು ಗ್ಲಾಸ್ ಮೂಸಿ ನೋಡುವೆ. ಪ್ರತಿ ಸಲವೂ ಅವರು ತಲೆಯಾಡಿಸಿ ಗ್ಲಾಸ್ ಕೆಳಗಿಡುವರು. "ಏನೇ, ಈ ವಯಸ್ಸಲ್ಲಿ ಕುಡಿಯೋದು ಕಲಿತ್ಯಾ?" ಎಂದು ನಮ್ಮವರು ರೇಗಿಸುತ್ತಿದ್ದರು.

ಒಂದು ಮಧ್ಯಾಹ್ನ ನಾನು ಕೊಟ್ಟ ಫಿಲ್ಟರ್ ಕಾಫಿ ಕುಡಿಯುತ್ತ, ಇದು ಇಷ್ಟು ಕಪ್ಪಾಗಿ, ಗಟ್ಟಿಯಾಗಿ ಹೇಗೆ ಬರುತ್ತದೆಂದು ಕೇಳಿದರು. ಚಿಕೋರಿ ಬೆರೆಸುತ್ತೇವೆ ಎಂದೆ.

"ಬೆರೆಸೋದಾ? ಅದು ಮೋಸ ಅಲ್ವಾ?"

"ಮೋಸ ಯಾಕೆ? ಬರೀ ಕಾಫಿಗೆ ಈ ಬಣ್ಣ ಬರಲ್ಲ. ನಮ್ಮಮ್ಮನ ಮನೇಲೂ ಹೀಗೇ."

ಅವರು ನಕ್ಕರು. ಲೋಟದೊಳಗಿನ ಬಣ್ಣ ನೋಡುತ್ತ ಹೇಳಿದರು: ಅಪ್ಪ ತರುತ್ತಿದ್ದ ಪೆಟ್ಟಿಗೆಗಳಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಥರದ ಗೊಂಚಲು ಇರುತ್ತಿತ್ತು, ಕಚ್ಚಿದರೆ ಒಳಗಿನ ತಿರುಳೂ ಕೆಂಪು. ಕೆಟ್ಟ ಹಣ್ಣೆಂದು ಹುಡುಗನಾಗಿದ್ದ ಇವರು ಆರಿಸಿ ಎಸೆಯಲು ಹೋದರೆ ಅಪ್ಪ ಕೈ ಹಿಡಿದು, "ಇರಲಿ, ಅದು ಬಣ್ಣಕ್ಕೆ" ಎನ್ನುತ್ತಿದ್ದರಂತೆ. ಇಷ್ಟು ವರ್ಷ ಅವರು ಅಪ್ಪಟ ಜಿನ್‌ಫಂಡೆಲ್ ಬೆಳೆಯುವ ತೋಟವನ್ನೇ ಹುಡುಕಿದ್ದರು. ಹಳೇ ಕಾಲದವರು ಸಾಲಿನ ನಡುನಡುವೆ ಬೇರೆ ಕಪ್ಪು ದ್ರಾಕ್ಷಿಯನ್ನೂ ನೆಟ್ಟು, ಎಲ್ಲವನ್ನೂ ಒಟ್ಟಿಗೇ ಕೊಯ್ಯುತ್ತಿದ್ದರು...

ಮರುದಿನದಿಂದ ನಾನು ಫೋನಿನಲ್ಲಿ ಕೇಳುವ ಪ್ರಶ್ನೆ ಬದಲಾಯಿತು. ಕೊನೆಗೆ ಲೋಡೈ ಎಂಬ ಊರಿನ ಒಬ್ಬಾಕೆ, ತಮ್ಮ ತಾತನ ತೋಟ ಹಾಗೇ ಇದೆ, ಒಳಗೂ ಕೆಂಪಿರುವ ಬಳ್ಳಿಗಳು ಸಾಲಿನಲ್ಲಿ ಈಗಲೂ ಇವೆ, ತಾತ ಡೆಟ್ರಾಯ್ಟ್ ರೈಲಿಗೆ ಹಣ್ಣು ತುಂಬಿಸುತ್ತಿದ್ದರು ಎಂದಳು. ಅಂಕಲ್ ಅಂದೇ ಒಂದು ಬಾಟಲಿ ಆರ್ಡರ್ ಮಾಡಿಸಿದರು.

ಬಾಟಲಿ ಬರುವ ಮೊದಲೇ ಅವರಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದಲೇ ಅವರ ಮಗಳು ಮಿಷಿಗನ್‌ನ ನಾರ್ತ್‌ವಿಲ್‌ನಲ್ಲಿದ್ದ ತನ್ನ ಮನೆಗೆ ಕರೆದೊಯ್ದಳು. ವೈನ್ ಡೆಲಿವರಿಗೆ ಸಹಿ ಹಾಕಿದವಳು ನಾನು. ಹಳೇ ಸೀರೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟುಕೊಂಡು ನಾವಿಬ್ಬರೂ ಮಿಷಿಗನ್‌ಗೆ ಡ್ರೈವ್ ಮಾಡಿದೆವು.

ಈಗ ಅಂಕಲ್ ಇಲ್ಲ. ನಮ್ಮವರೂ ಇಲ್ಲ. ಲೋಡೈನಲ್ಲಿ ಬಳ್ಳಿಗಳು ಇನ್ನೂ ಇವೆಯೋ, ಫೋನ್ ಮಾಡಿ ಕೇಳುವ ಧೈರ್ಯ ನನಗಿಲ್ಲ...

ನಾವು ಬಾಟಲಿ ಒಯ್ದ ಆ ದಿನ ಅಂಕಲ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ನುಂಗುವುದು ಕಷ್ಟ, ವೈನ್ ಕೊಡಲೇಬಾರದು ಎಂದಳು ಮಗಳು. ಮೂಸಿಯಾದರೂ ನೋಡಲಿ ಎಂದು ಗ್ಲಾಸ್ ಅವರ ಕೈಗಿಟ್ಟೆ. ಕಣ್ಣು ಮುಚ್ಚಿ ಮೂಸಿದರು, ಮತ್ತೆ ಮೂಸಿದರು. "ಏನೂ ಗೊತ್ತಾಗ್ತಿಲ್ಲ ಸಿಸ್ಟರ್" ಎಂದರು. ಸ್ಟ್ರೋಕ್ ಅದನ್ನೂ ಒಯ್ದಿತ್ತು. ಆಮೇಲೆ ಗ್ಲಾಸನ್ನು ನನ್ನ ಕಡೆ ಚಾಚಿದರು. "ಯಾರಾದ್ರೂ ಒಬ್ರು ಕುಡಿದು ಹೇಳ್ಬೇಕಲ್ಲ."

ನಾನು ನಮ್ಮವರ ಮುಖ ನೋಡಿದೆ. "ನನ್ನನ್ನೇನು ನೋಡ್ತೀಯ? ನಿನ್ನ ಕೇಳಿದ್ದು" ಎಂದರು. ಜನ್ಮದಲ್ಲಿ ಮೊದಲ ಸಲ ಒಂದು ಗುಟುಕು ಕುಡಿದೆ. ಮೊದಲು ಹುಳಿ, ಮೆಣಸಿನಂಥ ಖಾರ. ನುಂಗಿದ ಮೇಲೆ, ನಾಲಗೆಯ ಬುಡದಲ್ಲಿ, ಏನೋ ಕಪ್ಪಗೆ, ಗಟ್ಟಿಯಾಗಿ ನಿಂತಿತು.

"ಚಿಕೋರಿ ಇದೆ" ಎಂದೆ.

ಅರ್ಧ ಬಾಯಿಯಲ್ಲಿ ನಕ್ಕು ಗ್ಲಾಸ್ ವಾಪಸ್ ಇಸಿದುಕೊಂಡರು. "ಹಾಗಾದ್ರೆ ಇನ್ನು ಹುಡುಕೋದು ಬೇಡ" ಎಂದರು. ನಾವು ಹೊರಡುವಾಗಲೂ ಅವರು ಆ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.